ತಿರುವಿನ ಹುಣಸೆಮರ

“ಆ ಮರ ಒಂದ್ ಮುಟ್ಬೇಡಿ ಸ್ವಾಮಿ. ಮನೆ ಬೇಕಾದ್ರೆ ಹಿಂದಕ್ಕೆ ಕಟ್ಕಳಿ,” ಎಂದಳು ಪಟಾಲಮ್ಮ.

ವಕೀಲ ರೇವಣಸಿದ್ದಪ್ಪ ಕೈಯಲ್ಲಿದ್ದ ಸರ್ಕಾರಿ ಕಾಗದವನ್ನು ಅವಳ ಮುಖದೆದುರು ಆಡಿಸಿ ನಕ್ಕ. “ನೋಡಬೇ, ಪ್ಲಾನ್ ಕಚೇರಿಯವರೂ ಇದನ್ನ ಬರದಾರ. ರಸ್ತೆ ಮರ ಕಡೀಬಾರದಂತ. ತಿರುವಿನಾಗ ಗೇಟ್ ಇಟ್ರ ಬಸ್ಸಿನವರಿಗೆ ಕಾಣಂಗಿಲ್ಲಂತ. ಮರದಾಗ ಐತಿ ಅಂತೀರಲ್ಲ, ಆ ನಿಮ್ಮೂರ ದೆವ್ವ ಅಲ್ಲೂ ಗುಮಾಸ್ತಿಕಿ ಮಾಡ್ತೈತೇನು?”

ರಾಜ್ಯ ಒಂದಾದ ಮರುವರ್ಷ ಹುಬ್ಬಳ್ಳಿಯಿಂದ ಇಲ್ಲಿನ ಹೈಕೋರ್ಟಿಗೆ ಬಂದವನು ಅವನು. ಮಾಗಡಿ ರಸ್ತೆ ಹೊಸಹಳ್ಳಿಯ ಹತ್ತಿರ ತಿರುಗುವ ಕಡೆ ಜಾಗ ಹಿಡಿದು, ಮಹಡಿ ಮನೆಗೆ ನಕ್ಷೆ ಬರೆಸಿ ಕಳಿಸಿದ್ದ. ಅನುಮತಿ ನಿರಾಕರಿಸಿ ಬಂದ ಕಾಗದವನ್ನು ಮೂರು ಸಲ ಓದಿದ್ದ. ಮೂರು ಸಲವೂ ಅವನ ಕಣ್ಣಿಗೆ ಬಿದ್ದದ್ದು ಅದರೊಳಗಿನ ಕಾಗುಣಿತದ ತಪ್ಪುಗಳೇ. ಮೂರಕ್ಷರ ನೆಟ್ಟಗೆ ಬರೆಯಲಾರದ ಓವರ್‌ಸಿಯರು ತನಗೆ ಅಡ್ಡ ನಿಲ್ಲುವುದೆಂದರೇನು? ಈಗ ಈ ಹೊಲದ ಮುದುಕಿ ಬೇರೆ.

ಪಟಾಲಮ್ಮ ಪಕ್ಕದ ರಾಗಿ ಹೊಲದವಳು. ಅವಳು ನಗಲಿಲ್ಲ. “ನನ್ ಮಗಳನ್ನ ಇದೇ ತಿರುವಲ್ಲಿ ಲಾರಿ ಹೊಡೀತು. ಡ್ರೈವರು ನಿಲ್ಲಿಸ್ನಿಲ್ಲ. ನಾನು ಮಾಟಗಾರನ ತಾವ ಓಗಿ ಅವನ ಬೊಂಬೆ ಮಾಡ್ಸಿ, ಈ ಮರದ ಪೊಟರೇಲಿ ಕಾಲಿಗೆ ಮೊಳೆ ಹೊಡ್ಸಿದೆ. ಒಂಬತ್ತನೇ ದಿನ ಲಾರಿ ಎಲ್ಲೋ ಬಿಟ್ಟು ಬರಿಗಾಲಲ್ಲಿ ನಡ್ಕಂಡ್ ಬಂದ. ಇದೇ ಬುಡದಲ್ಲಿ ಸತ್ತ. ಮೊಳೆ ಇರೋಗಂಟ ಇಲ್ಲೇ ಬಿದ್ದಿರ್ತಾನೆ. ಕಿತ್ರೆ ಕಾಲು ಕೇಳ್ತಾನೆ.”

“ಯಾರ ಕಾಲು?”

“ಕಿತ್ತೋರದು.”

“ನೀ ಹೇಳಿದ್ದು ಕೊಲಿ ಕೇಸ್ ಆತು,” ಎಂದ ರೇವಣಸಿದ್ದಪ್ಪ. “ಕೋರ್ಟಿನಾಗ ಇದನ್ನೇ ಹೇಳು. ಜಡ್ಜಿ ಹೊಟ್ಟಿ ಹಿಡಕೊಂಡು ನಕ್ಕು ನಿನ್ನ ಬಿಟ್ಟುಬಿಡ್ತಾರ.”

ಪಟಾಲಮ್ಮ ಅವನ ಕಾಲುಗಳನ್ನೊಮ್ಮೆ ನೋಡಿ ಹೊಲಕ್ಕಿಳಿದು ಹೋದಳು.

ಅವನ ಲೆಕ್ಕ ಸರಳವಾಗಿತ್ತು. ಮರವೇ ಇಲ್ಲದಿದ್ದರೆ ಮರ ಕಡಿಯುವ ಆಕ್ಷೇಪಣೆ ಎಲ್ಲಿ? ಮರ ಹೋದರೆ ತಿರುವೂ ಬಯಲಾಯಿತು, ಬಸ್ಸಿನವರಿಗೂ ಕಂಡಿತು. ಆಮೇಲೆ ಮೇಲ್ಮನವಿ. ಹೊಸಹಳ್ಳಿಯ ಒಬ್ಬನೂ ಕೊಡಲಿ ಎತ್ತಲು ಒಪ್ಪದ್ದರಿಂದ ಕೆಂಗೇರಿಯಿಂದ ಇಬ್ಬರನ್ನು ಕರೆಸಿದ. ಚೈತ್ರದ ಬಿಸಿಲು ನೆತ್ತಿಗೇರಿದ ಒಂದು ಭಾನುವಾರ ಕೆಲಸ ಶುರುವಾಯಿತು.

ಮುಕ್ಕಾಲು ಬುಡ ಕಡಿದಿದ್ದರು. ಹಸಿ ಹುಣಸೆಯ ಒಗರು ವಾಸನೆ ಸುತ್ತ ತುಂಬಿತ್ತು. ಏಟೊಂದು ಟೊಳ್ಳಿಗೆ ಬಿದ್ದು ಢಬ್ ಎಂದಿತು. ತೊಗಟೆ ಕಳಚಿತು. ಒಳಗೆ ಗೇಣುದ್ದದ ಬೊಂಬೆ ನಿಂತಿತ್ತು. ಮೈಗೆ ಖಾಕಿ ಚಿಂದಿ. ಮುಖ ಮಾತ್ರ ಗೆದ್ದಲು ತಿಂದು ಹೋಗಿತ್ತು. ಎರಡು ಪಾದಕ್ಕೂ ಒಂದೊಂದು ತುಕ್ಕು ಮೊಳೆ.

ಕೆಂಗೇರಿಯವರು ಕೊಡಲಿ ಕೆಳಗಿಟ್ಟರು. “ಬ್ಯಾಡಿ ಬುದ್ದಿ. ಇದನ್ ಮಾತ್ರ ಬ್ಯಾಡಿ.”

“ನಿಮ್ಮಂಥವರಿಂದನ ದೇಶ ಹಿಂಗ ಉಳದೈತಿ,” ಎಂದು ಬೈದು, ರೇವಣಸಿದ್ದಪ್ಪ ತಾನೇ ಕಾರಿನಿಂದ ಇಕ್ಕಳ ತಂದ.

ಮೊದಲ ಮೊಳೆ ಕಿರುಗುಟ್ಟುತ್ತ ಬಂತು. ಎರಡನೆಯದು ಸದ್ದೇ ಇಲ್ಲದೆ, ಬೆಣ್ಣೆಯಿಂದ ಬಂದಂತೆ ಜಾರಿತು. ಪೊಟರೆಯಿಂದ ಉಸಿರೊಂದು ಹೊರಬಿದ್ದು ಅವನ ಮುಖಕ್ಕೆ ಬಡಿಯಿತು. ಪೆಟ್ರೋಲು ಮತ್ತು ಹಳೆಯ ರಕ್ತದ ನಾತ. ಕಾಗೆಗಳು ಬಾಯಿ ಮುಚ್ಚಿದವು. ಯಾರೂ ಮುಟ್ಟದೆಯೇ ಮರ ತಾನಾಗಿ ನರಳಿತು, ವಾಲಿತು, ರಸ್ತೆಗೆ ಅಡ್ಡಲಾಗಿ ಬಿತ್ತು. ಆಳುಗಳು ಹಿಂತಿರುಗಿ ನೋಡದೆ ಓಡಿದರು. ರೇವಣಸಿದ್ದಪ್ಪ ಮೊಣಕಾಲೆತ್ತರದ ಬುಡದ ಮೇಲೆ ಕಾಲಿಟ್ಟು ನಿಂತು, ಓಡುವವರನ್ನು ನೋಡಿ ನಕ್ಕ.

ರಸ್ತೆಗೆ ಬಿದ್ದ ಮರವನ್ನು ಮರುದಿನವೇ ತುಂಡರಿಸಿ ಸಾಗಿಸಿದರು. ಮೂರು ದಿನದೊಳಗೆ ಅವನ ಕಾಲುಗಳು ತಣ್ಣಗಾದವು. ಹಂಡೆಯ ಕುದಿನೀರು ಹುಯ್ದುಕೊಂಡರೂ ಬಿಸಿ ಗೊತ್ತಾಗಲಿಲ್ಲ. ನ್ಯಾಯಾಧೀಶರೆದುರು ವಾದಿಸಲು ನಿಂತಾಗ ಬಲ ಅಂಗಾಲು ತಾನಾಗಿ ನೆಲವನ್ನು ಒತ್ತತೊಡಗಿತು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ಹೆಂಡತಿ ಶಿವಕ್ಕ ಅವನ ಹಾಸಿಗೆಯ ಕಾಲ್ದೆಸೆಯನ್ನು ಮೂಸಿ ಮುಖ ಕಿವುಚಿದಳು.

“ಪೆಟ್ರೋಲ್ ನಾತ ರೀ. ಆ ಮುದುಕಿನ್ನ ಒಂದು ಮಾತು ಕೇಳಿ ಬರೋಣು ಬರ್ರಿ.”

“ಇದು ವಾತ,” ಎಂದ ಅವನು. “ನಾ ಆಕಿ ಕಡೆ ಹೋಗಬೇಕ? ಆಕೀನ ಬಂದು ನನ್ನ ಕಾಲಿಗೆ ಬೀಳ್ತಾಳ, ನೋಡ್ತಿರು.”

ಎಂಟನೆಯ ದಿನ ಮಧ್ಯಾಹ್ನ ಓವರ್‌ಸಿಯರು ಜಾಗವನ್ನು ಮತ್ತೆ ನೋಡಲು ಬರುವುದಿತ್ತು. ಅವನಿಗೆ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಮಸೆಯುತ್ತ ರೇವಣಸಿದ್ದಪ್ಪ ಒಬ್ಬನೇ ಕಾರು ಬಿಟ್ಟುಕೊಂಡು ಹೊರಟ. ಟೋಲ್‌ಗೇಟು ದಾಟಿತು. ರಸ್ತೆ ಖಾಲಿ. ಬಿಸಿಲಿಗೆ ಡಾಂಬರು ಮಿನುಗುತ್ತಿತ್ತು.

ಬಲಗಾಲು ಒತ್ತಿತು.

ತೆಗೆಯಲು ನೋಡಿದ. ಬರಲಿಲ್ಲ. ಎರಡು ಕೈಯಿಂದ ತೊಡೆ ಹಿಡಿದೆಳೆದ. ಕಾಲು ಕಲ್ಲಾಗಿತ್ತು. ಎಡಗಾಲನ್ನು ಬ್ರೇಕಿಗೆ ಇಡಲು ಹೋದ. ಅದು ಕದಲಲಿಲ್ಲ. ಎಂಜಿನ್ನು ಅರಚಿತು. ಗಾಡಿಯೊಳಗೆ ಯಾರೋ ಉಸಿರಾಡುತ್ತಿದ್ದರು. ಅವನದಲ್ಲದ ಉಸಿರು. ತಿರುವು ಬಂತು. ಮರವಿಲ್ಲ. ಎಲ್ಲ ಬಯಲು, ಎಲ್ಲ ನಿಚ್ಚಳ. ರಸ್ತೆಯ ನಡುವೆ ಸೌದೆ ಹೊರೆ ಹೊತ್ತ ಪಟಾಲಮ್ಮ. ಹಾರನ್ನು ಒತ್ತಿದ. ಅವಳು ತಿರುಗಿ ನಿಂತಳು. ಕಾಲು ಇನ್ನೂ ಒತ್ತಿತು. ಕೈ ಮಾತ್ರ ಇನ್ನೂ ತನ್ನದಾಗಿತ್ತು. ಸ್ಟೀರಿಂಗ್ ತಿರುಗಿಸಿದ. ಎದುರಿಗೆ ಹುಣಸೆಯ ಬುಡ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಕಂಬಳಿ ಮೊಣಕಾಲಿನ ಕೆಳಗೆ ಚಪ್ಪಟೆಯಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಪಟಾಲಮ್ಮ ಬಂದಳು. ಮಂಚದ ಬಳಿ ನಿಂತು ಆ ಚಪ್ಪಟೆ ಜಾಗವನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ಕನಿಕರದ ತುಣುಕೂ ಇರಲಿಲ್ಲ.

“ಕಾಲು ಎಲ್ಲಿ ಊತ್ರು?” ಎಂದು ಶಿವಕ್ಕನನ್ನು ಕೇಳಿದಳು.

ಶಿವಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಹೂಳಾಕಂತ ಬಟ್ಟಿ ಸುತ್ತಿ ಒಯ್ದಿದ್ರಬೇ. ದಾರಿಯಾಗ ಬಿಚ್ಚಿ ನೋಡಿದ್ರ ಒಳಗ ಏನೂ ಇರಲಿಲ್ಲಂತ.”

“ಇರಲ್ಲ. ತಗಂಡವ್ನೆ.” ಪಟಾಲಮ್ಮ ರೇವಣಸಿದ್ದಪ್ಪನ ಕಡೆ ತಿರುಗಿದಳು. “ನಿಮ್ ಮೇಲೆ ಅವನಿಗೇನು ದ್ವೇಸ ಇತ್ತು ಸ್ವಾಮಿ? ಅವನಿಗೆ ನೀವು ಬರೀ ಕಾಲು. ಅವನು ಬರ್ತಿರೋದು ನನ್ತಾವ. ಅವತ್ತು ನೀವ್ ಗಾಡಿ ತಿರುಗ್ಸಿ ತಪ್ಪಿಸ್ದಿರಿ. ಬುದ್ದಿ ಇದ್ದಿದ್ರೆ ಮೊಳೆ ಕೀಳ್ದೆ ಅದ್ಕೂ ಮೊದ್ಲೇ ತಪ್ಪಿಸ್ತಿದ್ರಿ.”

ಅವನು ಕಂಬಳಿಯನ್ನು ಎದೆಯವರೆಗೆ ಎಳೆದುಕೊಂಡ.

ಹೊರಗಿನ ವರಾಂಡದಲ್ಲಿ ಹೆಜ್ಜೆ ಸದ್ದಾಯಿತು. ನಡಿಗೆ ಮರೆತವನು ಹೊಸದಾಗಿ ಕಲಿಯುತ್ತಿರುವಂತೆ. ಒಂದು. ನಿಧಾನಕ್ಕೆ ಇನ್ನೊಂದು. ಬಾಗಿಲ ಬಳಿ ನಿಂತಿತು. ಪರದೆಯ ಕೆಳಗೆ ಎರಡು ಬರಿಗಾಲು. ಹೆಬ್ಬೆರಳ ಮೇಲಿನ ಕೂದಲು, ಸೊಟ್ಟ ಕಿರುಬೆರಳು, ಎಡ ಹಿಮ್ಮಡಿಯ ಆಣಿ. ಐವತ್ತು ವರ್ಷ ತೊಳೆದು ಒರೆಸಿದ ಕಾಲುಗಳು. ಅವನವೇ. ಎರಡೂ ಪಾದಗಳ ನಟ್ಟನಡುವೆ ಒಂದೊಂದು ತೂತು. ಮದ್ದಿನ ತಟ್ಟೆ ಹಿಡಿದ ನರ್ಸು ಅವುಗಳ ಮೂಲಕವೇ ಹಾದು ಹೋದಳು.

“ಒಳಗ ಬಿಡಬ್ಯಾಡ!” ರೇವಣಸಿದ್ದಪ್ಪ ಶಿವಕ್ಕನ ಕೈ ಬಿಗಿಯಾಗಿ ಹಿಡಿದ. “ಯಾರನ್ನೂ ಒಳಗ ಬಿಡಬ್ಯಾಡ!”

“ಕೂಗ್ಬೇಡಿ,” ಎಂದಳು ಪಟಾಲಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. “ಕಟ್ಟಾಕ್ಸಿದ್ದು ನಾನು. ನಾನೇ ಓಯ್ತೀನಿ.” ಪರದೆಯತ್ತ ನೋಡಿ ಥೂ ಎಂದು ಉಗಿದಳು. “ಆವತ್ತೂ ಓಡೋದೆ. ಈಗ್ಲಾದ್ರೂ ನಿಂತ್ಕಂಡ್ ನನ್ ಮುಖ ನೋಡು ಬಾರೋ, ಹೇಡಿ.”

ಅವಳು ಪರದೆ ಸರಿಸಿ ಹೋದಳು. ಎರಡು ಜೊತೆ ಹೆಜ್ಜೆಗಳು ವರಾಂಡದುದ್ದಕ್ಕೂ ದೂರವಾದವು.

ಅವಳು ಹೊಸಹಳ್ಳಿ ಸೇರುವಷ್ಟು ಹೊತ್ತು ಕಳೆದಿರಬೇಕು. ಶಿವಕ್ಕ ಗಂಜಿ ಕುಡಿಸುತ್ತಿದ್ದಳು. ರೇವಣಸಿದ್ದಪ್ಪನ ಮೈ ಒಮ್ಮೆಲೇ ಸೆಟೆಯಿತು. ಇಲ್ಲದ ಬಲಗಾಲಿಗೆ ಏನೋ ತಗುಲಿತು. ತಣ್ಣನೆಯ ಕಬ್ಬಿಣದ ಪೆಡಲು. ಅಂಗಾಲು ಅದರ ಮೇಲೆ ಕೂತಿತು. ಒತ್ತಿತು. ಕಾಲಡಿ ಎಂಜಿನ್ನು ನಡುಗಿತು.

“ಬ್ಯಾಡ... ಶಿವಕ್ಕಾ, ಹಿಡಿ, ನನ್ನ ಕಾಲು ಹಿಡಿ!”

ಅವಳು ಖಾಲಿ ಕಂಬಳಿಯನ್ನು ತಬ್ಬಿ ಹಿಡಿದಳು. ಕಾಲು ಇನ್ನೂ ಒತ್ತಿತು. ನಿಲ್ಲಲಿಲ್ಲ. ತಿರುವು ಬಂದದ್ದು ಅವನಿಗೆ ತಿಳಿಯಿತು. ಕಾಲಿನ ಕೆಳಗೆ, ಚಕ್ರದ ಕೆಳಗೆ, ಮೆತ್ತನೆಯದೊಂದು ಹಾದುಹೋಯಿತು.