ಕೊರಳೆಲುಬು ಹೇಳದ ವಯಸ್ಸು

“ನಿನ್ನ ವಯಸ್ಸೆಷ್ಟವ್ವಾ?”

ಮಗನ ಮದುವೆ ಮಾತಿಗೆಂದು ಗದಗದಿಂದ ಬಂದಿದ್ದ ರತ್ನಕ್ಕ ಕಾಫಿ ಲೋಟ ಮುಟ್ಟುವ ಮೊದಲೇ ಕೇಳಿದರು. ಕೊಡಿಗೇಹಳ್ಳಿಯ ತನ್ನ ಬಾಡಿಗೆ ಮನೆಯಲ್ಲಿ ಅವರೆದುರು ಕೂತಿದ್ದ ರಕ್ಷಾ ಕಡ್ಡಿ ಮುರಿದಂತೆ ಹೇಳಿದಳು.

“ಗೊತ್ತಿಲ್ಲ ಅಮ್ಮ.”

ಅವಳು ಯಶವಂತಪುರ ಸ್ಟೇಷನ್ನಿನಲ್ಲಿ ಒಬ್ಬಳೇ ಅಳುತ್ತಾ ಸಿಕ್ಕ ಮಗು. ಅನಾಥಾಶ್ರಮದವರು ಕೈಯೆಲುಬಿನ ಎಕ್ಸ್‌ರೇ ತೆಗೆಸಿದಾಗ ಡಾಕ್ಟರು ‘ನಾಲ್ಕೋ ಐದೋ ಇರಬಹುದು’ ಎಂದರಂತೆ. ಆ ಅಂದಾಜಿನಲ್ಲಿ ಈಗ ಇಪ್ಪತ್ತೊಂಬತ್ತೋ ಮೂವತ್ತೋ. ರತ್ನಕ್ಕನ ಮಗ ಬಸವಕಿರಣನಿಗೂ ಇಪ್ಪತ್ತೊಂಬತ್ತೇ! ರಕ್ಷಾ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

“ಹುಡುಗಗಿಂತ ಹುಡುಗಿ ದೊಡ್ಡಾಕಿ ಆದ್ರ ಮಂದಿ ಏನಂತಾರ? ಇನ್ನೊಮ್ಮೆ ಎಲುಬು ತೋರಸವ್ವಾ. ಸಣ್ಣಾಕಿ ಅಂತ ಗೊತ್ತಾದ್ರ ಮದುವಿ.”

ರಕ್ಷಾ ತಾಯಿಯ ಪಕ್ಕ ಕೂತಿದ್ದ ಕಿರಣನ ಕಡೆ ನೋಡಿದಳು. ಇಷ್ಟು ದಿನ ಪ್ರೀತಿ ಪ್ರೀತಿ ಎಂದವನು ಬಾಯಿಗೆ ಬೀಗ ಹಾಕಿಕೊಂಡು ನೆಲ ನೋಡುತ್ತಿದ್ದ! ಅವಳಿಗೆ ಮೈಯೆಲ್ಲ ಉರಿಯಿತು.

“ತೋರಿಸ್ತೀನಿ. ಏನು ಬರುತ್ತೋ ಅದನ್ನೇ ನಿಮ್ಮೆದುರು ಹೇಳ್ತೀನಿ.”

ಹೆಬ್ಬಾಳದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವುದೇ ಅವಳ ಕೆಲಸ. ಈ ಸಲ ಮಾತ್ರ ಅವಳೇ ಯಂತ್ರದ ಮುಂದೆ ನಿಂತಳು. ಡಾಕ್ಟರ್ ಖುರ್ಷೀದ್ ಫಿಲಂ ಅನ್ನು ಬೆಳಕಿಗೆ ಹಿಡಿದರು.

“ಬೆಳೆಯೋ ವಯಸ್ಸಲ್ಲಿ ಎಲುಬಿನ ತುದಿಗಳು ಬೇರೆ ಇರುತ್ವೆ, ಆಮೇಲೆ ಒಂದೊಂದಾಗಿ ಕೂಡ್ಕೊಳ್ತಾವೆ. ಎಲ್ಲಕ್ಕಿಂತ ಕೊನೇಲಿ ಕೂಡೋದು ಕುತ್ತಿಗೆ ಕೆಳಗಿರೋ ಈ ಕೊರಳೆಲುಬು. ನಿಂದು ಪೂರ್ತಿ ಕೂಡಿದೆ. ಇಪ್ಪತ್ತೈದು ದಾಟಿದೆ ಅನ್ನಬಹುದು. ಇಪ್ಪತ್ತೆಂಟೋ ಮೂವತ್ತೋ... ಎಲುಬು ಹೇಳಲ್ಲಮ್ಮಾ. ನಿನ್ನ ಹುಡುಗನೂ ನಿನ್ನೆ ಬಂದು ಇದನ್ನೇ ಕೇಳ್ಕೊಂಡು ಹೋದ.”

ರಕ್ಷಾ ಫಿಲಂ ತೆಗೆದುಕೊಂಡು ಹೊರಬಂದಳು. ನನ್ನ ಬೆನ್ನ ಹಿಂದೆ ಬಂದು ವಿಚಾರಿಸಿದನೇ? ಅವನಿಗೂ ಅನುಮಾನವೇ?

‘ಇಪ್ಪತ್ತಾರು ಅಂದುಬಿಡಲೇ... ಯಾರಿಗೆ ಗೊತ್ತಾಗುತ್ತದೆ?’ ಒಂದು ಕ್ಷಣ ಆಸೆ ಇಣುಕಿತು. ಛೇ! ಸುಳ್ಳು ಹೇಳಿ ಹೊಸಿಲು ತುಳಿದರೆ ಜೀವನವಿಡೀ ತಲೆ ತಗ್ಗಿಸಿ ಓಡಾಡಬೇಕು. ಆಸೆಯನ್ನು ಅಲ್ಲೇ ಚಿವುಟಿ ಯಲಹಂಕದ ಬಸ್ಸು ಹತ್ತಿದಳು.

ಅಲ್ಲಿ ಕಿರಣನ ಮನೆಯಲ್ಲಿ ತಾಯಿ ಮಗನ ಜಗಳ ನಡೆದಿತ್ತು. ಅವನ ಕೈಯಲ್ಲೂ ಒಂದು ಎಕ್ಸ್‌ರೇ!

“ಇದು ನನ್ನ ಕೊರಳೆಲುಬು, ನೋಡವ್ವಾ. ಇಪ್ಪತ್ತೈದು ದಾಟೇತಿ, ಮುಂದಿಂದು ಗೊತ್ತಿಲ್ಲ ಅಂತಾರ ಡಾಕ್ಟರು. ನನ್ನ ಎಲುಬೂ ವಯಸ್ಸು ಹೇಳಂಗಿಲ್ಲ. ಮತ್ತ ಆಕಿಗಷ್ಟ ಯಾಕ ಕೇಳ್ತಿ?”

ರಕ್ಷಾ ಬಾಗಿಲಲ್ಲೇ ನಿಂತುಬಿಟ್ಟಳು. ನಿನ್ನೆ ಸೆಂಟರಿಗೆ ಇದಕ್ಕಾಗಿ ಬಂದಿದ್ದನೇ ಇವನು!

“ನಿನ್ನ ವಯಸ್ಸಿಗೆ ಎಲುಬ್ಯಾಕ ಬೇಕೋ? ಹಡದಾಕಿ ನಾ ಇಲ್ಲೇನು!” ರತ್ನಕ್ಕ ಗದರಿದರು.

“ಹೌದಮ್ಮ.” ರಕ್ಷಾಳ ದನಿಗೆ ಇಬ್ಬರೂ ತಿರುಗಿದರು. “ಅವರಿಗೆ ನೀವಿದ್ದೀರಿ. ನಾನು ಯಾವಾಗ ಹುಟ್ಟಿದೆ ಅಂತ ಹೇಳೋಕೆ ನನಗೆ ಯಾರೂ ಇಲ್ಲ. ಎಲುಬೂ ಹೇಳಲಿಲ್ಲ. ನಾನು ಕಿರಣ್‌ಗಿಂತ ದೊಡ್ಡವಳೇ ಇರಬಹುದು. ಅದನ್ನ ಮುಚ್ಚಿಟ್ಟು ನಿಮ್ಮ ಸೊಸೆ ಆಗಲ್ಲ. ಆದ್ರೆ ಅವರನ್ನ ಬಿಟ್ಟೂ ಕೊಡಲ್ಲ!”

ಸ್ಟೇಷನ್ನಿನ ಗದ್ದಲದಲ್ಲಿ ಅವ್ವನನ್ನು ಹುಡುಕುತ್ತಿರುವ ಪುಟ್ಟ ಕೂಸು ರತ್ನಕ್ಕನ ಕಣ್ಣಿಗೆ ಕಟ್ಟಿತು. ಸೆರಗಿನಿಂದ ಕಣ್ಣೊರೆಸಿಕೊಂಡು ರಕ್ಷಾಳ ಕೈ ಹಿಡಿದರು.

“ಒಳಗ ಬಾ ಯವ್ವಾ. ಮಂದಿ ಕೇಳಿದ್ರ, ನಮಗೂ ಗೊತ್ತಿಲ್ಲ ಅಂತೀನಿ. ಅದರಾಗ ನಾಚಿಕಿ ಏನೈತಿ?”

ಅವರು ಚಹಾ ಮಾಡಲು ಅಡುಗೆಮನೆಗೆ ಹೋದದ್ದೇ ತಡ, ಕಿರಣ ಹತ್ತಿರ ಬಂದ.

“ನೀ ದೊಡ್ಡಾಕಿ ಇದ್ರೂ ನನಗ ನೀನ ಬೇಕು, ರಕ್ಷಾ. ಅವತ್ತ ಅವ್ವನ ಮುಂದ ಮಾತ ಬರಲಿಲ್ಲ... ಯಾಕ ಸುಮ್ಮನಿದ್ದಿ ಅಂತ ಕೇಳಂಗಿಲ್ಲೇನು?”

ತುಂಬಿದ ಕಣ್ಣಲ್ಲೇ ರಕ್ಷಾ ನಕ್ಕಳು.

“ಕೇಳ್ತೀನಿ. ಮದುವೆ ಆದ್ಮೇಲೆ ದಿನಾ ಕೇಳ್ತೀನಿ!”

“ಕೇಳು... ದಿನಾ ತಪ್ಪಾತು ಅಂತೀನಿ.”