ಒಳಗೆ ಯಾರೂ ಇಲ್ಲ

"ಇನ್ನೊಂದು ಹೆಜ್ಜೆ ಇಟ್ರೆ ಕಾಲು ಮುರೀತೀನಿ!"

ಕಾವಲುಗಾರ ನನ್ನ ಕಾಲರ್ ಹಿಡಿದಿದ್ದ. ಅವನ ಬೆನ್ನ ಹಿಂದೆ ಗೋದಾಮು ಧಗಧಗ ಉರಿಯುತ್ತಿತ್ತು. ಅದರೊಳಗೆ ನನ್ನ ಅಕ್ಕ ಇದ್ದಳು.

ನಾನು ಕೆಟ್ಟುಹೋದ ಡೇಟಾಬೇಸ್‌ಗಳನ್ನು ರಿಪೇರಿ ಮಾಡುವವನು, ಇನ್‌ಸ್ಪೆಕ್ಟರ್ ಸಾಹೇಬರೇ. ಕೇಳಿದ್ದಕ್ಕೆ ತಪ್ಪು ಉತ್ತರ ಬಂದಾಗ ಕಂಪನಿಯವರು ನನ್ನನ್ನು ಕರೆಯುತ್ತಾರೆ. ಅವತ್ತು ಯಾರೂ ಕರೆದಿರಲಿಲ್ಲ. ಹೊಗೆ ಕಂಡು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಿದ್ದೆ.

ಅಕ್ಕನ ಫೋನ್ ರಿಂಗ್ ಆಗುತ್ತಿತ್ತು... ಎತ್ತುತ್ತಿರಲಿಲ್ಲ.

"ಎಲ್ಲಾ ಹೊರಗೆ ಬಂದಾಯ್ತು ಕಣ್ರೀ!" ಮ್ಯಾನೇಜರ್ ಕಿರುಚಿದ. ಇಸ್ತ್ರಿ ಮಾಡಿದ ಶರ್ಟು. ಒಂದು ಚೂರು ಮಸಿ ಇಲ್ಲ. ಗೇಟಿನ ಕ್ಯಾಬಿನ್‌ನಲ್ಲಿದ್ದ ಕಂಪ್ಯೂಟರ್ ತೋರಿಸಿದ. "ಕಾರ್ಡ್ ಉಜ್ಜಿ ಒಳಗೆ ಹೋದೋರಲ್ಲಿ ಹೊರಗೆ ಬರದೇ ಇರೋರು ಯಾರು ಅಂತ ಕೇಳಿದೀನಿ. ಒಬ್ರೂ ಇಲ್ಲ ಅಂತಿದೆ!"

"ಹಾಗಾದ್ರೆ ನಮ್ಮಕ್ಕ ಎಲ್ಲಿ?"

"ಮನೆಗೆ ಹೋಗಿರ್ತಾಳೆ ಬಿಡ್ರೀ."

ಮನೆಗೆ! ಅಕ್ಕ!

ಅಮ್ಮ ಹೋದ ಮೇಲೆ ನನಗೆ ಅವಳೇ ಅಮ್ಮ. ಗೋದಾಮಿನ ಪ್ಯಾಕಿಂಗ್ ಹೆಂಗಸರಿಗೆ ಮೇಲ್ವಿಚಾರಕಿ. ಪಾಳಿ ಮುಗಿದ ಮೇಲೆ ಒಂದೊಂದೇ ಸಾಲು ಸುತ್ತಿ, ಟಾಯ್ಲೆಟ್ ಬಾಗಿಲುಗಳನ್ನು ತಟ್ಟಿ, "ಯಾರಾದ್ರೂ ಇದೀರೇನ್ರೇ ಒಳಗೆ?" ಎಂದು ಕೂಗಿ ಆಮೇಲೆ ದೀಪ ಆರಿಸುವವಳು. ಮನೆಯಲ್ಲೂ ಅದೇ ಚಾಳಿ. ಇರುವವರು ಇಬ್ಬರೇ, ನಾನು ಪಕ್ಕದಲ್ಲೇ ನಿಂತಿದ್ದರೂ ಬೀಗ ಹಾಕುವ ಮುಂಚೆ ಒಳಗೆ ಇಣುಕಿ ಕೂಗಲೇಬೇಕು. ಎಷ್ಟು ರೇಗಿಸುತ್ತಿದ್ದೆನೋ ಅವಳನ್ನು.

"ಚಾವಣಿ ಬಾಗ್ತಿದೆ," ಅಗ್ನಿಶಾಮಕ ದಳದ ನಾಯಕ ಗಡುಸಾಗಿ ಹೇಳಿದ. "ಜನ ಇದ್ರೆ ನುಗ್ತೀವಿ. ಬರೀ ಸಾಮಾನಿಗೋಸ್ಕರ ನನ್ನ ಹುಡುಗರನ್ನ ಕಳಿಸಲ್ಲ. ಇದಾರೋ ಇಲ್ವೋ, ಹೇಳಿ!"

ಕಾವಲುಗಾರನ ಪಕ್ಕೆಗೆ ಮೊಣಕೈಯಿಂದ ತಿವಿದೆ. ಮುಗ್ಗರಿಸಿದ. ಕ್ಯಾಬಿನ್‌ಗೆ ನುಗ್ಗಿ ಚಿಲಕ ಹಾಕಿಕೊಂಡೆ.

"ಏಯ್! ಪೊಲೀಸ್ ಕರೀತೀನಿ!" ಕಿಟಕಿಯ ಆಚೆಯಿಂದ ಮ್ಯಾನೇಜರ್ ಗಾಜು ಬಡಿದ.

"ಕರಿಯೋ!"

ಪರದೆಯ ಮೇಲೆ ಅವನ ಪ್ರಶ್ನೆ ಇನ್ನೂ ಇತ್ತು. ಒಳಹೋದ ಕಾರ್ಡುಗಳಲ್ಲಿ, ಹೊರಬಂದ ಕಾರ್ಡುಗಳ ಪಟ್ಟಿಯಲ್ಲಿ ಇಲ್ಲದವು ಯಾವುವು? 'ನಾಟ್ ಇನ್'. ನೋಡಲು ಲಕ್ಷಣವಾಗಿದೆ. ಉತ್ತರ ಸೊನ್ನೆ.

ಈ ಕಳ್ಳ ಸೊನ್ನೆ ನನ್ನ ಹಳೇ ಗಿರಾಕಿ!

ಹೊರಬಂದವರ ದಾಖಲೆ ತೆರೆದೆ. ಮೊಟ್ಟಮೊದಲ ಸಾಲು. ಕಾರ್ಡ್ ಸಂಖ್ಯೆ ಇರಬೇಕಾದಲ್ಲಿ... ಖಾಲಿ.

ನಲ್! ಖಾಲಿ ಜಾಗಕ್ಕೆ ನಮ್ಮ ಕಸುಬಿನವರು ಇಟ್ಟ ಹೆಸರು.

ಯಾರೋ ಕಾರ್ಡ್ ಉಜ್ಜದೆ ಗೇಟು ತಳ್ಳಿಕೊಂಡು ಓಡಿದ್ದರು. ಜೋರಾಗಿ ತಳ್ಳಿದರೆ ಅದು ತೆರೆಯುತ್ತದೆ, ಯಾರೆಂದು ತಿಳಿಯದೆ ಒಂದು ಖಾಲಿ ಸಾಲು ಬರೆದಿಡುತ್ತದೆ. ಡೇಟಾಬೇಸ್‌ಗೆ ಖಾಲಿ ಅಂದರೆ 'ಇಲ್ಲ' ಅಲ್ಲ ಸಾಹೇಬರೇ, 'ಗೊತ್ತಿಲ್ಲ'. ಅಕ್ಕ ಹೊರಗೆ ಬಂದಿಲ್ಲವೇ? ಆ ಗೊತ್ತಿಲ್ಲದ ಕಾರ್ಡ್ ಅವಳದೇ ಇರಬಹುದಲ್ಲ! ಅದಕ್ಕೇ ಅವಳನ್ನು ತೋರಿಸುವುದಿಲ್ಲ. ಅದೇ ಅನುಮಾನಕ್ಕೆ ಬೇರೆ ಯಾರನ್ನೂ ತೋರಿಸುವುದಿಲ್ಲ. ಹಾಲಿಗೆ ಹುಳಿ ಹಿಂಡಲು ಒಂದೇ ಒಂದು ಖಾಲಿ ಸಾಲು ಸಾಕು.

'ನಾಟ್ ಇನ್' ಕಿತ್ತು 'ನಾಟ್ ಎಕ್ಸಿಸ್ಟ್ಸ್' ಹಾಕಿದೆ. ಒಬ್ಬೊಬ್ಬರದೂ ಅವರದೇ ಕಾರ್ಡ್ ಹೊರಬಂದ ಗುರುತು ಇದೆಯೇ ಹುಡುಕು. ಇಲ್ಲದಿದ್ದರೆ ಹೆಸರು ಹೇಳು.

ಎಂಟರ್!

ಎರಡು ಹೆಸರು.

ಮೊದಲನೆಯದು ಅಕ್ಕನದು.

ಎರಡನೆಯವನು... ಕಿಟಕಿಯ ಆಚೆ ನಿಂತು ಗಾಜು ಬಡಿಯುತ್ತಿದ್ದ!

"ಇದಾಳೆ! ಒಳಗಿದಾಳೆ!" ಓಡುತ್ತ ಅರಚಿದೆ. "ಪ್ಯಾಕಿಂಗ್! ಟಾಯ್ಲೆಟ್ ಕಡೆ ನೋಡಿ!"

ನಾಯಕ ಮುಖವಾಡ ಎಳೆದುಕೊಂಡು ನುಗ್ಗಿದ.

ಚಾವಣಿ ಕುಸಿಯುವ ಮುಂಚೆ ಅವಳನ್ನು ಎತ್ತಿ ತಂದ. ಬೆಂಕಿ ಅವಳನ್ನು ಮುಟ್ಟಿರಲಿಲ್ಲ. ಹೊಗೆಯೇ ಸಾಕಾಗಿತ್ತು.

"ಕೊನೇ ಟಾಯ್ಲೆಟ್ ಬಾಗಿಲ ಹತ್ರ ಸಿಕ್ಕಿದ್ರು..." ಅವನು ಹೆಲ್ಮೆಟ್ ತೆಗೆದ. "ಮೈ ಇನ್ನೂ ಬಿಸಿ ಇದೆ. ಸ್ವಲ್ಪ ಮುಂಚೆ ಗೊತ್ತಾಗಿದ್ರೆ..."

ಅಕ್ಕನ ಬಲಗೈ ಬಾಗಿಲು ತಟ್ಟುವವರ ಹಾಗೆ ಮುಷ್ಟಿಯಾಗಿಯೇ ಇತ್ತು. ಅವಳು ಒಳಗೆ ಉಳಿದವರನ್ನು ಹುಡುಕುತ್ತಿದ್ದಳು. ಹೊರಗೆ ಆ ಯಂತ್ರ ಒಳಗೆ ಯಾರೂ ಇಲ್ಲ ಎನ್ನುತ್ತಿತ್ತು.

ಅತ್ತುಬಿಟ್ಟೆ ಸಾಹೇಬರೇ. ನೆಲದ ಮೇಲೆ ಬಿದ್ದು, ನಾಚಿಕೆ ಬಿಟ್ಟು ಅತ್ತೆ. "ಒಳಗೆ ಯಾರೂ ಇಲ್ಲ ಕಣೇ ಅಕ್ಕಾ... ಎಲ್ರೂ ಬಂದಾಯ್ತು. ಎದ್ದೇಳೇ, ಮನೆಗೆ ಹೋಗೋಣ."

ಆಗ ಮ್ಯಾನೇಜರ್ ಹತ್ತಿರ ಬಂದ. "ನಂದೇನ್ರೀ ತಪ್ಪು? ಕಂಪ್ಯೂಟರ್ ಹೇಳಿದ್ದನ್ನ..."

ಅವನ ಕೊರಳಿನ ಕಾರ್ಡ್ ಹಿಡಿದು ಎಳೆದೆ. "ಇದನ್ನ ಯಾಕೋ ಉಜ್ಜಲಿಲ್ಲ?"

"ಜೀವ ಉಳಿಸ್ಕೊಳ್ಳೋ ಹೊತ್ತಲ್ಲಿ ಯಾರಿಗ್ರೀ ಕಾರ್ಡ್ ನೆನಪಾಗತ್ತೆ!"

ಪ್ಯಾಕಿಂಗ್ ಹೆಂಗಸರಿಗೆಲ್ಲ ನೆನಪಾಗಿತ್ತು. ಉಜ್ಜದಿದ್ದರೆ ಸಂಬಳ ಹಿಡಿಯುವವನು ಅವನೇ! ಓಡಿದ್ದಕ್ಕೆ ನನಗೆ ಸಿಟ್ಟಿಲ್ಲ. ಉಜ್ಜದೆ ಬಂದವನು ತಾನೆಂದು ಅವನಿಗೆ ಗೊತ್ತಿತ್ತು. ಬರಲೇಬೇಕಿದ್ದ ತನ್ನ ಹೆಸರೇ ಬರದ ಆ ಉತ್ತರ ಸುಳ್ಳೆಂದು ತಿಳಿಯಲು ಜಗತ್ತಿನಲ್ಲಿ ಅವನೊಬ್ಬನಿಗೇ ಸಾಧ್ಯವಿತ್ತು. ಬಾಯಿ ಬಿಡಲಿಲ್ಲ.

ಹೌದು, ಗುದ್ದಿ ಅವನ ಮೂಗು ಮುರಿದದ್ದು ನಾನೇ. ಅವನು ಕೊಟ್ಟ ದೂರಿಗೆ ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ.

ಈಗ ನನ್ನ ದೂರು ಬರೆದುಕೊಳ್ಳಿ. ಮೊದಲು ಅವನ ಹೆಸರು ಬರೆಯಿರಿ ಸಾಹೇಬರೇ... ಆ ಜಾಗ ಮಾತ್ರ ಖಾಲಿ ಬಿಡಬೇಡಿ!