ಖಾಲಿ ಇಲ್ಲದ ಫೋಲ್ಡರ್

ಗಂಡನನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ, ಹತ್ತೂವರೆಗೆ, ನಾನು ಕೂತಿದ್ದ ಸರ್ವರ್ ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು.

ಹಾಕಿದವನು ಕಂಪನಿ ಮಾಲೀಕನ ಆಳು. ಎಲ್ಲರೂ 'ಕಂಬ' ಎನ್ನುತ್ತಾರೆ. ನೋಡಿದರೆ ನೀವೂ ಹಾಗೇ ಅನ್ನುತ್ತೀರಿ.

"ಶುರು ಮಾಡಕ್ಕಾ. ಹನ್ನೆರಡರೊಳಗೆ ಮುಗೀಬೇಕು."

"ಮುಗೀದಿದ್ರೆ?"

"ಇದು ಏಳನೇ ಮಹಡಿ..." ಎಂದು ಕಿಟಕಿಯ ಕಡೆ ನೋಡಿದ.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ನಾಲ್ಕು ದಿನದಿಂದ ನನಗೆ ಏನೂ ಆಗುತ್ತಿಲ್ಲ!

ಅದು ಲಿಫ್ಟ್ ರಿಪೇರಿ ಕಂಪನಿ. ಅವರ ಕಂಪ್ಯೂಟರ್ ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದವರು ನನ್ನ ಗಂಡ. ನಾಲ್ಕು ದಿನದ ಹಿಂದೆ ಇದೇ ಕಟ್ಟಡದ ಒಂದನೇ ಲಿಫ್ಟ್ ಅವರನ್ನು ಹೊತ್ತುಕೊಂಡು ಏಳನೇ ಮಹಡಿಯಿಂದ ನೆಲಕ್ಕೆ ಬಿತ್ತು.

'ಬಾಗಿಲು ಬಲವಂತವಾಗಿ ತೆಗೆಯೋಕೆ ಹೋದ. ಅವನದೇ ತಪ್ಪು.' ಮಾಲೀಕ ಊರಿಗೆಲ್ಲ ಹೇಳಿಕೊಂಡು ಬಂದ. ಹೆಣದ ಮುಂದೆ ನಿಂತೂ ಹೇಳಿದ!

ನನಗೆ ಗೊತ್ತಿದ್ದದ್ದು ಬೇರೆ. ಬ್ರೇಕ್ ಸವೆದಿದೆ ಎಂದು ಅವರು ಮೂರು ಸಲ ದೂರು ದಾಖಲಿಸಿದ್ದರು. ಊಟಕ್ಕೆ ಕೂತಾಗ ಹೇಳಿದ್ದರು. ಆ ದಾಖಲೆ ಇದ್ದದ್ದು ಈ ಸರ್ವರ್‌ನ ಡೇಟಾಬೇಸ್‌ನಲ್ಲಿ. ಅದು ಸಿಕ್ಕರೆ ಮಾಲೀಕ ಜೈಲಿಗೆ. ಸಿಗದಿದ್ದರೆ ನನ್ನ ಗಂಡ ತಾನಾಗಿ ಸತ್ತ ದಡ್ಡ.

ಮಾಲೀಕ ಡೇಟಾಬೇಸ್ ಸಾಫ್ಟ್‌ವೇರನ್ನೇ ಕಿತ್ತು ಹಾಕಿಸಿದ್ದ. ಹನ್ನೆರಡಕ್ಕೆ ಲಿಫ್ಟ್ ತಪಾಸಣೆಯ ಇನ್ಸ್‌ಪೆಕ್ಟರ್ ಬರುವಷ್ಟರಲ್ಲಿ ಹೊಸದು ಹಾಕಿ, 'ಹಳೇದು ಕೆಟ್ಟೋಯ್ತು' ಎಂದು ಖಾಲಿ ಪರದೆ ತೋರಿಸಬೇಕಿತ್ತು. ಆದರೆ ಹೊಸದು ಕೂರಲೊಲ್ಲದು! ಇಬ್ಬರು ರಿಪೇರಿಯವರು ಕೈಚೆಲ್ಲಿ ಹೋಗಿದ್ದರು.

ಸತ್ತ ಸರ್ವರ್‌ಗಳನ್ನು ಎಬ್ಬಿಸುವುದು ನನ್ನ ಕಸುಬು. ಅದಕ್ಕೆ ಮಾಲೀಕ ನನಗೇ ಫೋನ್ ಮಾಡಿದ.

"ಅವನ ಕಷ್ಟದ ಕೆಲಸ ಎಲ್ಲ ನೀನೇ ಹೇಳ್ಕೊಡ್ತಿದ್ದೆ ಅಂತ ಗೊತ್ತಮ್ಮ. ಇದೊಂದು ಮಾಡ್ಕೊಡು. ರಿಪೋರ್ಟಲ್ಲಿ ಅವನ ಮಾನ ಹೋಗದ ಹಾಗೆ ನಾನು ನೋಡ್ಕೋತೀನಿ."

"ಬರ್ತೀನಿ" ಎಂದೆ.

ಆ ಬೆಳಿಗ್ಗೆ ಅತ್ತೆ ಮೂರು ಲೋಟ ಕಾಫಿ ಮಾಡಿದ್ದರು. ಮೂರನೆಯದನ್ನು ಇಬ್ಬರೂ ಮುಟ್ಟಲಿಲ್ಲ. ಹೊರಡುವಾಗ ಮಗನ ಚೀಲದಿಂದ ಒಂದು ಹಾರ್ಡ್ ಡಿಸ್ಕ್ ತೆಗೆದುಕೊಟ್ಟರು. ಮೇಲೆ ತಪಾಸಣಾ ಕಚೇರಿಯ ಚೀಟಿ ಅಂಟಿಸಿತ್ತು. ದೂರುಗಳನ್ನು ನಕಲು ಮಾಡಿ ತಂದುಕೊಡುತ್ತೇನೆಂದು ನನ್ನ ಗಂಡ ಅಲ್ಲಿಂದ ಇಸಿದುಕೊಂಡು ಬಂದಿದ್ದರು. ಮಾಡುವಷ್ಟರಲ್ಲಿ ಲಿಫ್ಟ್ ಬಿತ್ತು.

"ಯಾರದೋ ವಸ್ತು ಕಣೇ. ತಲುಪಿಸ್ಬಿಡು."

"ಖಾಲಿ ಇದೆ ಅತ್ತೆ."

"ಇಸ್ಕೊಂಡ ಡಬ್ಬೀನ ಈ ಮನೇಲಿ ಯಾವತ್ತಾದ್ರೂ ಖಾಲಿ ಕೊಟ್ಟಿದೀವಾ?"

ಸರಿ, ಸರ್ವರ್ ರೂಮಿಗೆ ಬರೋಣ.

ಇನ್‌ಸ್ಟಾಲ್ ಒತ್ತಿದೆ. ಎಲ್ಲ ಹಂತಕ್ಕೂ ಹಸಿರು ಗುರುತು. ಕೊನೆಯದಕ್ಕೆ ಕೆಂಪು. 'ಸರ್ವರ್ ಶುರುವಾಗಲಿಲ್ಲ.'

"ಇದೇ! ಮೂರು ದಿನದಿಂದ ಇದೇ ಗೋಳು!" ಎಂದ ಕಂಬ.

ಲಾಗ್ ತೆಗೆದೆ. ತಪ್ಪು ಏನೆಂದು ಸರ್ವರ್ ತಾನೇ ಬರೆದಿಡುವ ಜಾಗ ಅದು. ಅಲ್ಲಿ ಒಂದೇ ಸಾಲು... 'ಡೇಟಾ ಫೋಲ್ಡರ್ ಖಾಲಿ ಇಲ್ಲ.'

ನಾಲ್ಕು ದಿನದಲ್ಲಿ ಮೊದಲ ಸಲ ಎದೆ ಡವಗುಟ್ಟಿತು!

ಸಾಫ್ಟ್‌ವೇರ್ ಕಿತ್ತರೆ ಡೇಟಾ ಹೋಗುವುದಿಲ್ಲ ಸ್ವಾಮಿ! ಬೀರು ಹೊತ್ತೊಯ್ದವನು ಬಟ್ಟೆಯನ್ನು ನೆಲದ ಮೇಲೆ ಬಿಟ್ಟುಹೋದ ಹಾಗೆ, ಅದು ಕಣ್ಣಿಗೆ ಬೀಳದ ಒಂದು ಫೋಲ್ಡರಿನಲ್ಲಿ ಹಾಗೇ ಉಳಿಯುತ್ತದೆ. ಹೊಸದು ಕೂರಲು ಬಿಡದೆ ಅಡ್ಡ ಕೂತಿದ್ದದ್ದು ಅದೇ. ಮೂರು ದಿನದಿಂದ ಮಾಲೀಕನಿಗೆ ಜಗ್ಗದೆ ಕೂತಿದ್ದದ್ದು... ನನ್ನ ಗಂಡ ಬರೆದ ಸಾಲುಗಳು!

ಹೊಸ ಸಾಫ್ಟ್‌ವೇರನ್ನು ಹಳೆಯ ಫೋಲ್ಡರಿಗೇ ಜೋಡಿಸಿದೆ. ಎದ್ದಿತು. ಪಾಸ್‌ವರ್ಡ್ ಕೇಳಿತು.

ನನಗೆ ಗೊತ್ತಿತ್ತು. ನಾವಿಬ್ಬರೂ ಮೊದಲ ಸಲ ಜಗಳವಾಡಿದ ತಾರೀಖು.

'ಒಂದನೇ ಲಿಫ್ಟ್, ಬ್ರೇಕ್ ಸವೆದಿದೆ, ಓಡಿಸಬಾರದು.' ಮೂರು ಸಲ. ಪ್ರತಿ ಸಲವೂ ಕೆಳಗೆ ಮಾಲೀಕನ ಉತ್ತರ: 'ಆಮೇಲೆ ನೋಡೋಣ.'

ಅದರ ಕೆಳಗೆ ಇನ್ನೊಂದು ಸಾಲು: 'ಎರಡನೇ ಲಿಫ್ಟ್, ಬ್ರೇಕ್ ಹೊಸದು, ಪರೀಕ್ಷೆ ಆಗಿದೆ.' ಅವರು ಸತ್ತ ಹಿಂದಿನ ದಿನದ್ದು.

ಸರ್ವರ್ ನಿಲ್ಲಿಸಿದೆ. ಡಿಸ್ಕ್ ಚುಚ್ಚಿದೆ. ಫೋಲ್ಡರ್ ಪೂರ್ತಿ ನಕಲಿಗೆ ಹಾಕಿದೆ.

"ಅದೇನಕ್ಕಾ?"

"ಔಷಧಿ."

"ಎಷ್ಟು ಹೊತ್ತು?"

"ಕಾಯಿಲೆ ಹಳೇದು..."

ಹನ್ನೆರಡಕ್ಕೆ ಐದು ನಿಮಿಷ. ಬಾಗಿಲು ಬಡಿದ ಸದ್ದು. ಕಂಬ ಚಿಲಕ ತೆಗೆದ. ಮಾಲೀಕ!

"ಆಯ್ತೇನಮ್ಮ?"

"ಆಯ್ತು."

ಪರದೆಯಲ್ಲಿ ನಕಲು ನೂರಕ್ಕೆ ನೂರು ಮುಟ್ಟಿತು. ಡಿಸ್ಕ್ ಎಳೆದುಕೊಂಡೆ. ಅವನ ಕಣ್ಣು ಚೀಟಿಯ ಮೇಲೆ ಬಿತ್ತು. ಓದಿದ. ಮುಖ ಸುಣ್ಣ!

"ಲೇ! ಹಿಡಿಯೋ ಅವಳನ್ನ!"

ಗಾಲಿ ಕುರ್ಚಿಯನ್ನು ಕಂಬನ ಮೊಣಕಾಲಿಗೆ ಒದ್ದೆ. ಕಂಬ ಬಾಗಿತು. ಮಾಲೀಕನನ್ನು ತಳ್ಳಿಕೊಂಡು ಓಡಿದೆ.

ಎದುರಿಗೆ ಎರಡನೇ ಲಿಫ್ಟ್ ಬಾಯಿ ತೆರೆದು ನಿಂತಿತ್ತು. ನಾಲ್ಕು ದಿನದಿಂದ ಅದನ್ನು ಯಾರೂ ಹತ್ತಿರಲಿಲ್ಲ.

ನುಗ್ಗಿದೆ. ಗುಂಡಿ ಒತ್ತಿದೆ. ಕಂಬ ಬಂದು ಬಾಗಿಲಿಗೆ ಕೈ ಕೊಟ್ಟ. ಒಂದು ಕಾಲು ಒಳಗಿಟ್ಟ... ತಲೆ ಎತ್ತಿ ಮೇಲೆ ನೋಡಿದ... ಕಾಲು ಹಿಂದೆ ತೆಗೆದ!

"ಹತ್ತೋ!" ಮಾಲೀಕನ ಕೂಗು.

"ನೀವೇ ಹತ್ತಿ ಧಣೀ!"

ಬಾಗಿಲು ಮುಚ್ಚಿತು.

ಆರು... ಐದು... ನಾಲ್ಕು... ಮೂರನೇ ಮಹಡಿಯ ಹತ್ತಿರ ಸ್ವಲ್ಪ ಅದುರಿತು. ನಾನು ಅದುರಲಿಲ್ಲ. ಸರಿಯಿದೆ ಎಂದು ಅವರು ಬರೆದಿದ್ದರೆ ಸರಿಯಿದೆ!

ನೆಲಮಹಡಿ. ಬಾಗಿಲು ತೆರೆಯಿತು. ಫೈಲು ಹಿಡಿದ, ನೆರೆಗೂದಲಿನ ಹೆಂಗಸು ಎದುರಿಗೇ ನಿಂತಿದ್ದರು. ಜೊತೆಗೆ ಇಬ್ಬರು ಪೊಲೀಸರು.

"ಇನ್ಸ್‌ಪೆಕ್ಟರ್ ಮೇಡಂ?"

"ಹೌದು. ನೀವು..."

"ನಮ್ಮ ಮನೆಯವರು ನಿಮ್ಮ ಹತ್ರ ಇದನ್ನ ಇಸ್ಕೊಂಡಿದ್ರು."

ಆಕೆ ಚೀಟಿ ನೋಡಿದರು. ನನ್ನನ್ನು ನೋಡಿದರು. ಕನ್ನಡಕ ತೆಗೆದರು.

"ಖಾಲಿ ಕೊಟ್ಟಿದ್ದೆ ಕಣಮ್ಮ."

"ಖಾಲಿ ವಾಪಸ್ ಕೊಡಬಾರದು ಅಂದ್ರು ಅತ್ತೆ. ತುಂಬಿಸಿ ತಂದಿದೀನಿ."

ಡಿಸ್ಕ್ ಅವರ ಕೈಯಲ್ಲಿಟ್ಟೆ. ಮೇಲೆ, ಮೆಟ್ಟಿಲುಗಳಲ್ಲಿ, ಎರಡು ಜೊತೆ ಕಾಲುಗಳ ದಡಬಡ.

"ಮಾಲೀಕರೆಲ್ಲಿ?"

"ಬರ್ತಿದಾರೆ ಮೇಡಂ. ಮೆಟ್ಟಿಲಿಳಿದು. ತಮ್ಮ ಲಿಫ್ಟ್ ಮೇಲೆ ಅವರಿಗೆ ಅಷ್ಟು ನಂಬಿಕೆ!"